ಅಭಾಗಲಬ್ಧ ಸಂಖ್ಯೆ: ಶುಲ್ಬಸೂತ್ರದ ಸಾಕ್ಷ್ಯವೆಷ್ಟು?

ಶುಲ್ಬಸೂತ್ರಕಾರರು ಎರಡರ ವರ್ಗಮೂಲವು ಅಭಾಗಲಬ್ಧವೆಂಬುದನ್ನು ಅರಿತಿದ್ದರೆಂಬ ಹೇಳಿಕೆ ನಮ್ಮ ಪ್ರಾಚೀನ ಗಣಿತವನ್ನು ಕುರಿತ ಬರಹಗಳಲ್ಲಿ ಆಗಾಗ ಕಾಣಬರುತ್ತದೆ. ಇದನ್ನು ಒಪ್ಪುವ ಅಥವಾ ಬಿಡುವ ಮೊದಲು, ಸಂಖ್ಯೆಯೊಂದನ್ನು ಅಭಾಗಲಬ್ಧವೆನ್ನಲು ಯಾವ ಆಧಾರ ಬೇಕೆಂಬುದನ್ನು ಇತಿಹಾಸದ ವಿದ್ಯಾರ್ಥಿಯೂ ತಿಳಿದಿರುವುದು ಅವಶ್ಯಕ.

ಎರಡು ಪೂರ್ಣಾಂಕಗಳ ಭಿನ್ನರಾಶಿಯಾಗಿ ಬರೆಯಬಹುದಾದ ಸಂಖ್ಯೆ ಭಾಗಲಬ್ಧ. ಹಾಗೆ ಬರೆಯಲು ಎಂದಿಗೂ ಬಾರದ ಸಂಖ್ಯೆ ಅಭಾಗಲಬ್ಧ. ದಶಮಾಂಶವು ಮುಗಿಯದಿರುವುದೇ ಅಭಾಗಲಬ್ಧದ ಲಕ್ಷಣವೆಂದು ಕೆಲವರು ಭಾವಿಸುವುದುಂಟು, ಅದು ಸರಿಯಲ್ಲ. 22ನ್ನು 7ರಿಂದ ಭಾಗಿಸಿದರೆ 3.142857142857… ಎಂದು ಕೊನೆಯಿಲ್ಲದೆ ಸಾಗುತ್ತದೆ. ಆದರೆ 7ರಿಂದ ಭಾಗಿಸುವಾಗ ಉಳಿಯಬಹುದಾದ ಶೇಷಗಳು 0ಯಿಂದ 6ರವರೆಗೆ ಏಳೇ ಆದುದರಿಂದ, ಶೇಷವು ಸೊನ್ನೆಯಾಗದಿದ್ದರೆ ಹಿಂದೆ ಬಂದುದೇ ಮರಳಿ ಬರಬೇಕು. ಅಂಕಿಗಳೂ ಅದೇ ಕ್ರಮದಲ್ಲಿ ಆವರ್ತಿಸಬೇಕು. ಮುಗಿಯದೆಯೂ ಆವರ್ತಿಸದೆಯೂ ಸಾಗುವುದೇ ಅಭಾಗಲಬ್ಧದ ಗುರುತು. ಎಷ್ಟೇ ಅಂಕಿಗಳನ್ನು ಕಂಡುಹಿಡಿದರೂ ಮುಂದೆ ಆವರ್ತನೆಯಿಲ್ಲವೆಂದು ಅದರಿಂದಲೇ ಹೇಳಲಾಗದು. ಅದಕ್ಕೆ ತರ್ಕವೇ ಬೇಕು.

ಆ ತರ್ಕ ಹೀಗಿದೆ. ಎರಡರ ವರ್ಗಮೂಲವು ಒಂದು ಭಿನ್ನರಾಶಿಯೆಂದೂ, ಅದರ ಅಂಶಕ್ಕೂ ಛೇದಕ್ಕೂ 1ರ ಹೊರತು ಸಾಮಾನ್ಯ ಅಪವರ್ತನವಿಲ್ಲವೆಂದೂ ಇಟ್ಟುಕೊಳ್ಳೋಣ. ಆಗ ಅಂಶದ ವರ್ಗವು ಛೇದದ ವರ್ಗದ ಎರಡರಷ್ಟಾಗುವುದರಿಂದ ಅಂಶವು ಸಮಸಂಖ್ಯೆ. ಸಮಸಂಖ್ಯೆಯ ವರ್ಗವು 4ರಿಂದ ಭಾಗವಾಗುವುದರಿಂದ, ಅದರ ಅರ್ಧವಾದ ಛೇದದ ವರ್ಗವು 2ರಿಂದ ಭಾಗವಾಗಬೇಕು. ಎಂದರೆ ಛೇದವೂ ಸಮ. ಹೀಗೆ 2 ಎರಡಕ್ಕೂ ಸಾಮಾನ್ಯ ಅಪವರ್ತನವಾಗಿ, ಮೊದಲ ಊಹೆಗೆ ವಿರೋಧ ಬರುತ್ತದೆ. ಸಮ ಬೆಸಗಳ ಈ ವಾದವನ್ನು ಗ್ರೀಸಿನ ಅರಿಸ್ಟಾಟಲನು ಕ್ರಿ. ಪೂ. 4ನೆಯ ಶತಮಾನದಲ್ಲಿಯೇ ಸೂಚಿಸಿದ್ದಾನೆ.

ಇನ್ನು ಬೌಧಾಯನನ ನಿಯಮ. ಚೌಕದ ಭುಜಕ್ಕೆ ಅದರ ಮೂರನೆಯ ಒಂದು ಭಾಗವನ್ನೂ, ಆ ಭಾಗದ ನಾಲ್ಕನೆಯ ಒಂದು ಭಾಗವನ್ನೂ ಸೇರಿಸಿ, ಈ ಕೊನೆಯದರ 34ನೆಯ ಒಂದು ಭಾಗವನ್ನು ಕಳೆದರೆ ಕರ್ಣ ಬರುತ್ತದೆ. ಫಲ 577/408. 577ರ ವರ್ಗ 3,32,929. 408ರ ವರ್ಗದ ಎರಡರಷ್ಟು 3,32,928. ವ್ಯತ್ಯಾಸ ಒಂದೇ ಒಂದು! ಈ ಮಾನಕ್ಕೆ 'ಸವಿಶೇಷ'ವೆಂದು ಹೆಸರು. ಇದು ನಿಖರತೆಗೆ ಅತಿ ಸಮೀಪದ ಅಳತೆ ಎಂಬುದರಲ್ಲಿ ಸಂದೇಹವಿಲ್ಲ. ಆದರೆ ನಿಖರವಾದ ಭಿನ್ನರಾಶಿ ಇರಲಾರದೆಂಬ ಮಾತನ್ನಾಗಲಿ, ಅದರ ಉಪಪತ್ತಿಯನ್ನಾಗಲಿ ಸೂತ್ರವು ಹೇಳುವುದಿಲ್ಲ.

ಅಂತಹ ಸ್ಪಷ್ಟವಾದ ಮಾತು ನಮ್ಮಲ್ಲಿ ದೊರೆಯುವುದು ಬಹುಕಾಲಾನಂತರ. 20,000 ವ್ಯಾಸಕ್ಕೆ 62,832 ಪರಿಧಿಯೆಂದ ಆರ್ಯಭಟನು ಅದನ್ನು 'ಆಸನ್ನ'ವೆಂದು ಕರೆದನು. ಇದನ್ನು ವಿವರಿಸುತ್ತ ಕೇರಳದ ನೀಲಕಂಠ ಸೋಮಯಾಜಿ (ಜನನ 1444), ವ್ಯಾಸವನ್ನು ಶೇಷವಿಲ್ಲದೆ ಅಳೆಯುವ ಮಾನದಿಂದ ಪರಿಧಿಯನ್ನು ಅಳೆದರೆ ಶೇಷ ಉಳಿದೇ ಉಳಿಯುವುದೆಂದು ಹೇಳಿದನು. ಅಭಾಗಲಬ್ಧದ ಅರ್ಥವೇ ಇದು. ಇದರ ಉಪಪತ್ತಿಯನ್ನು ಒದಗಿಸಿದವನು ಯುರೋಪಿನ ಲ್ಯಾಂಬರ್ಟ್, 1761ರಲ್ಲಿ.

ಸಮೀಪದ ಗಣನೆ, ಸ್ಪಷ್ಟವಾದ ಹೇಳಿಕೆ, ಉಪಪತ್ತಿ — ಇವು ಮೂರು ಬೇರೆಬೇರೆಯಾದ ಸಾಧನೆಗಳು. ಒಂದಕ್ಕೆ ಇರುವ ಸಾಕ್ಷ್ಯವನ್ನು ಇನ್ನೊಂದಕ್ಕೆ ಹೂಡುವುದು ಇತಿಹಾಸಕಾರನಿಗೆ ಸಲ್ಲದು. ಬೌಧಾಯನನ ಹಿರಿಮೆಗೆ ಅವನು ಹೇಳಿದ್ದಷ್ಟೇ ಸಾಕು.