ಸದ್ದು ಹೆಚ್ಚಿದರೆ ಶಕ್ತಿ ಹೆಚ್ಚೀತೇ?



ಭಾನುವಾರ ಬೆಳಿಗ್ಗೆ ಬಣ್ಣಾರಿಯಿಂದ ದಿಂಬಂ ಘಾಟಿ ಹತ್ತಿ ತಾಳವಾಡಿ ಕಡೆಗೆ ಬರುವವರಿಗೆ ಈ ಅನುಭವ ಆಗಿರುತ್ತದೆ. ನಮ್ಮ ಬಸ್ಸು 27 ತಿರುವುಗಳಲ್ಲಿ ಯಾವುದೋ ಒಂದನ್ನು ನಿಧಾನವಾಗಿ ಸುತ್ತುತ್ತಿರುತ್ತದೆ. ಅಷ್ಟರಲ್ಲಿ ಹಿಂದಿನಿಂದ ಗುಡುಗಿದಂಥ ಸದ್ದು. ನೆಲಕ್ಕೆ ಅಂಟಿಕೊಂಡಂತಿರುವ ಕಾರೊಂದು ಬಸ್ಸನ್ನು ದಾಟಿ ಹೋಗುತ್ತದೆ. ಹುಡುಗರೆಲ್ಲ ಕಿಟಕಿಗೆ ಮುಗಿಬೀಳುತ್ತಾರೆ, ಹೆಂಗಸರು ಮಕ್ಕಳ ಕಿವಿ ಮುಚ್ಚುತ್ತಾರೆ. "ಎಂಥಾ ಪವರ್ ನೋಡಪ್ಪಾ" ಅಂತ ಯಾರಾದರೂ ಅಂದೇ ಅನ್ನುತ್ತಾರೆ.

ಪವರ್ ನೋಡಿದವರು ಯಾರೂ ಇಲ್ಲ, ಎಲ್ಲರೂ ಕೇಳಿದ್ದು ಸದ್ದು. ಈ ಎರಡರ ನಡುವಿನ ವ್ಯತ್ಯಾಸವೇ ಇಂದಿನ ಮಾತು.

ನಾನು ಮೆಟ್ರಿಕ್ ಪಾಸಾದವನು. ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಕ್ಕ ಬರೆದು ನಿವೃತ್ತನಾದವನು, ಮೆಕ್ಯಾನಿಕ್ ಅಲ್ಲ. ಆದರೂ ಈ ವಿಷಯಕ್ಕೆ ಕೈಹಾಕಲು ಕಾರಣ ನನ್ನ ತಂಗಿಯ ಮಗ. ಕೊಯಮತ್ತೂರಿನ ಪಂಪು ಕಾರ್ಖಾನೆಯಲ್ಲಿ ಕೆಲಸ ಮಾಡುವ ಹುಡುಗ, ಸೆಕೆಂಡ್ ಹ್ಯಾಂಡಿನಲ್ಲಿ ವೇಗದ ಕಾರೊಂದನ್ನು ಕೊಂಡ. ಅದಕ್ಕೆ ಹೊಸ ಏರ್ ಫಿಲ್ಟರು, ಹೊಸ ಸೈಲೆನ್ಸರು, ಪೈಪು ಎಲ್ಲ ಹಾಕಿಸಲು 60,000 ರೂಪಾಯಿ ಬೇಕಾಗಿತ್ತು. ಅಮ್ಮನ ಬಳೆ ಅಡವಿಡುವುದು ಹೇಗೆ ಎಂದು ಕೇಳಲು ನನ್ನ ಹತ್ತಿರ ಬಂದ. "ಮಾವ, ಇದ್ನ ಹಾಕಿಸ್ಬುಟ್ರೆ ಗಾಡಿ ಹಾರ್ತದೆ" ಅಂದ.

ಅಡವಿನ ಬಳೆಗಳನ್ನು ನಾನು ಬಹಳ ನೋಡಿದ್ದೇನೆ. ಬಿಡಿಸಿಕೊಂಡು ಹೋದವರೂ ಇದ್ದಾರೆ, ಹರಾಜಿನ ನೋಟೀಸು ಬಂದ ಮೇಲೆ ಕಣ್ಣೀರು ಹಾಕಿದವರೂ ಇದ್ದಾರೆ. ಹಾಗಾಗಿ "ಮೊದಲು ಲೆಕ್ಕ ನೋಡೋಣ ಕನಪ್ಪ" ಅಂದೆ. ಅವನು ಹೇಳಿಕೊಟ್ಟದ್ದು, ನಾನು ಕೇಳಿ ಓದಿ ತಿಳಿದದ್ದು, ಎರಡನ್ನೂ ಸೇರಿಸಿ ಹೇಳುತ್ತೇನೆ.

ಇಂಜಿನ್ನು ಅಂದರೆ ಒಂದು ಗಾಳಿಯ ಪಂಪು. ಎರಡು ಲೀಟರಿನ ಇಂಜಿನ್ನು ನಿಮಿಷಕ್ಕೆ 7000 ಸುತ್ತು ತಿರುಗಿದರೆ ಸುಮಾರು 7000 ಲೀಟರು ಗಾಳಿಯನ್ನು ಒಳಗೆ ಎಳೆಯುತ್ತದೆ. 200 ಲೀಟರಿನ ಡ್ರಮ್ಮಿನ ಲೆಕ್ಕದಲ್ಲಿ ನಿಮಿಷಕ್ಕೆ 35 ಡ್ರಮ್ಮು. ಒಂದು ಕಿಲೋ ಪೆಟ್ರೋಲು ಸರಿಯಾಗಿ ಉರಿಯಲು ಸುಮಾರು 14.7 ಕಿಲೋ ಗಾಳಿ ಬೇಕು. ಹೆಚ್ಚು ಗಾಳಿ ಹೋದರೆ ಹೆಚ್ಚು ಪೆಟ್ರೋಲು ಉರಿಯುತ್ತದೆ, ಶಕ್ತಿ ಹೆಚ್ಚುತ್ತದೆ. ಒಳದಾರಿ, ಹೊರದಾರಿ ಎರಡನ್ನೂ ಸಲೀಸು ಮಾಡಿದರೆ ಲಾಭ ಎಂಬ ವಾದ ಹುಟ್ಟುವುದು ಇಲ್ಲಿಂದಲೇ. ವಾದ ಸುಳ್ಳಲ್ಲ. ಲಾಭ ಎಷ್ಟು ಎಂಬುದೇ ಪ್ರಶ್ನೆ.

ಮೊದಲು ಒಳದಾರಿ. ನಿಮ್ಮ ಬಾವಿಯ ಪಂಪಿಗೆ ಎರಡು ಇಂಚಿನ ಪೈಪು ಸಾಕಾಗುತ್ತಿದ್ದರೆ ಮೂರು ಇಂಚಿನದು ಹಾಕಿದ ಮಾತ್ರಕ್ಕೆ ನೀರು ಒಂದೂವರೆ ಪಟ್ಟಾಗುವುದಿಲ್ಲ. ಹಾಗೆಯೇ ಕಾರಿನಲ್ಲಿಯೂ. ಕಾರ್ಖಾನೆಯ ಕಾಗದದ ಫಿಲ್ಟರು ಶುಚಿಯಾಗಿದ್ದರೆ ಅದು ಗಾಳಿಯನ್ನು ತಡೆಯುವುದು ಬಹಳ ಕಡಿಮೆ. ಇನ್ನೊಂದು ಮಾತು: ನಾವು ಸಾಧಾರಣವಾಗಿ ಓಡಿಸುವಾಗ ಎಕ್ಸಲೇಟರನ್ನು ಪೂರ್ತಿ ಒತ್ತುವುದಿಲ್ಲ. ಆಗ ಗಾಳಿಯನ್ನು ತಡೆದಿರುವುದು ಫಿಲ್ಟರಲ್ಲ, ನಮ್ಮ ಕಾಲಿನ ಕೆಳಗಿನ ಎಕ್ಸಲೇಟರಿಗೆ ಸೇರಿದ ಬಾಗಿಲು. ಬಾಗಿಲು ಅರ್ಧ ಮುಚ್ಚಿರುವಾಗ ಅಂಗಳ ಎಷ್ಟು ಅಗಲವಾದರೇನು?

ಗಾಳಿ ಬಿಸಿಯಾದರೆ ತೆಳುವಾಗುತ್ತದೆ ಎಂಬುದನ್ನೂ ನೆನಪಿಡಬೇಕು. ಕಡಿಮೆ ಬೆಲೆಯ ಕೋನು ಆಕಾರದ ಫಿಲ್ಟರನ್ನು ಬಾನೆಟ್ಟಿನ ಕೆಳಗೆ ಬಯಲಾಗಿ ಕೂರಿಸಿದರೆ ಅದು ಹೊರಗಿನ ಗಾಳಿಯ ಬದಲು ಇಂಜಿನ್ನಿನ ಬಿಸಿಗಾಳಿಯನ್ನೇ ಎಳೆಯಬಹುದು. ಹೊರಗೆ 30 ಡಿಗ್ರಿ, ಒಳಗೆ 60 ಡಿಗ್ರಿ ಇದ್ದರೆ ಅದೇ ಅಳತೆಯ ಗಾಳಿಯಲ್ಲಿ ನೂರಕ್ಕೆ ಒಂಬತ್ತು ಪಾಲು ಕಡಿಮೆ. ದುಡ್ಡು ಕೊಟ್ಟು ಶಕ್ತಿ ಕಳೆದುಕೊಂಡಂತೆ. ತಂಪು ಗಾಳಿ ಸಿಗುವ ಜಾಗದಿಂದ ಪೆಟ್ಟಿಗೆ ಕಟ್ಟಿ ತಂದರೆ ಮಾತ್ರ ಅರ್ಥವಿದೆ. ಅದನ್ನು ಹೆಚ್ಚಿನ ಕಾರ್ಖಾನೆಗಳು ಮೊದಲೇ ಮಾಡಿರುತ್ತವೆ. ಜೊತೆಗೆ ನಮ್ಮದು ಧೂಳಿನ ರಸ್ತೆ. ಗಾಳಿಯನ್ನು ಸಲೀಸಾಗಿ ಬಿಡುವ ಫಿಲ್ಟರು ಸಣ್ಣ ಧೂಳನ್ನೂ ಬಿಟ್ಟೀತು. ಆ ಮರಳುಪುಡಿ ಸಿಲಿಂಡರನ್ನು ಸವೆಸುತ್ತದೆ.

ನೀಲಗಿರಿಯ ಕೇಳುಗರಿಗೆ ಇನ್ನೊಂದು ಮಾತು. ಊಟಿ ಸುಮಾರು 2240 ಮೀಟರು ಎತ್ತರದಲ್ಲಿದೆ. ಅಲ್ಲಿ ಗಾಳಿ ಕೆಳಗಿನ ಬಯಲಿಗಿಂತ ಸುಮಾರು ಐದರಲ್ಲಿ ಒಂದು ಪಾಲು ತೆಳುವು. ಕಾರಿನ ಪಿಕಪ್ಪು ಕುಗ್ಗುವುದು ಅದಕ್ಕೇ. ಇದನ್ನು ಯಾವ ಫಿಲ್ಟರೂ ವಾಪಸು ತರಲಾರದು. ಗಾಳಿಯನ್ನು ಒತ್ತಿ ತುಂಬುವ ಟರ್ಬೊ ಇದ್ದರೆ ಮಾತ್ರ ಬಹುಪಾಲು ಸರಿಹೋಗುತ್ತದೆ.

ಈಗ ಹೊರದಾರಿ. ಒಲೆಯ ಊದುಕೊಳವೆ ನೆನಪಿಸಿಕೊಳ್ಳಿ. ಸಣ್ಣ ತೂತಿನಲ್ಲಿ ಊದಿದರೆ ಗಾಳಿ ರಭಸವಾಗಿ ಹೋಗುತ್ತದೆ, ಬಿದಿರಿನ ದೊಡ್ಡ ಅಂಡೆಯಲ್ಲಿ ಊದಿದರೆ ರಭಸವೇ ಇರದು. ಇಂಜಿನ್ನಿನಿಂದ ಹೊಗೆ ಒಂದೇ ಸಮನೆ ಬರುವುದಿಲ್ಲ, ಬಡಿತ ಬಡಿತವಾಗಿ ಬರುತ್ತದೆ. ಒಂದು ಬಡಿತ ರಭಸದಿಂದ ಹೋದರೆ ಅದರ ಹಿಂದಿನ ಸೆಳೆತ ಸಿಲಿಂಡರಿನಲ್ಲಿ ಉಳಿದ ಹೊಗೆಯನ್ನೂ ಎಳೆದುಕೊಂಡು ಹೋಗುತ್ತದೆ. ಪೈಪಿನ ಉದ್ದ, ಅಗಲವನ್ನು ಈ ಲೆಕ್ಕದಲ್ಲೇ ಕೂರಿಸಿರುತ್ತಾರೆ. ಅಳತೆ ತಪ್ಪಿ ಅಗಲ ಮಾಡಿದರೆ ಮೇಲಿನ ವೇಗದಲ್ಲಿ ಸ್ವಲ್ಪ ಲಾಭವಾಗಿ, ಕೆಳಗಿನ ವೇಗದಲ್ಲಿ ಎಳೆಯುವ ಬಲ ಕುಗ್ಗುತ್ತದೆ. ಘಾಟಿ ಹತ್ತುವಾಗ ನಮಗೆ ಬೇಕಾದದ್ದು ಆ ಕೆಳಗಿನ ಬಲವೇ ಅಲ್ಲವೇ?

ನನ್ನ ಅಳಿಯ ಸುಮ್ಮನಾಗಲಿಲ್ಲ. ಜಪಾನಿನ ಟೊಯೊಟಾ 86 ಕಾರಿನ ಉದಾಹರಣೆ ತೋರಿಸಿದ. ಅದು ಒಳ್ಳೆಯ ಉದಾಹರಣೆಯೇ. 2012ರಲ್ಲಿ ಬಂದ ಆ ಸ್ಪೋರ್ಟ್ಸ್ ಕಾರಿಗೆ 1998 ಸಿಸಿ ಇಂಜಿನ್ನು, ಸುಮಾರು 200 ಎಚ್‌ಪಿ. ಅದಕ್ಕೊಂದು ಕೊರತೆ ಇತ್ತು. ನಿಮಿಷಕ್ಕೆ 4000 ಸುತ್ತಿನ ಆಸುಪಾಸಿನಲ್ಲಿ ಎಳೆತ ಒಮ್ಮೆ ತಗ್ಗಿ ಮತ್ತೆ ಏರುತ್ತಿತ್ತು. ಇಂಜಿನ್ನಿಗೆ ಅಂಟಿದ ಮೊದಲ ಪೈಪು, ಅಂದರೆ ಹೆಡರು, ಅದನ್ನು ಬದಲಿಸಿ, ಜೊತೆಗೆ ಪೆಟ್ರೋಲಿನ ಪ್ರಮಾಣ ತೀರ್ಮಾನಿಸುವ ಕಂಪ್ಯೂಟರಿನ ಲೆಕ್ಕವನ್ನೂ ತಿದ್ದಿದವರಿಗೆ ಆ ತಗ್ಗು ಬಹಳಷ್ಟು ತುಂಬಿತು. ನಿಜವಾದ ಸುಧಾರಣೆ ಅದು. ಆದರೆ ಕೆಲಸ ಮಾಡಿದ್ದು ಹಿಂದಿನ ಮಿರಮಿರ ಸೈಲೆನ್ಸರಲ್ಲ. ಅಳತೆಯ ಹೆಡರು ಮತ್ತು ತಿದ್ದಿದ ಲೆಕ್ಕ. ಮುಂದಿನ ಪೀಳಿಗೆಯ ಕಾರಿಗೆ ಕಾರ್ಖಾನೆಯವರೇ 2.4 ಲೀಟರಿನ ಇಂಜಿನ್ನು ಹಾಕಿ ಆ ತಗ್ಗನ್ನು ಬಹುಮಟ್ಟಿಗೆ ಮುಚ್ಚಿದರು.

ಅದೇ ಕಾರಿನಲ್ಲಿ ಇನ್ನೊಂದು ತಮಾಷೆ ಇದೆ. ಇಂಜಿನ್ನು ಗಾಳಿ ಎಳೆಯುವ ಸದ್ದನ್ನು ಕೂತವರ ಕಿವಿಗೆ ತಲುಪಿಸಲು ಕಾರ್ಖಾನೆಯವರೇ ಒಂದು ಕೊಳವೆ ಇಟ್ಟಿದ್ದರು. ಅದರಿಂದ ಒಂದು ಎಚ್‌ಪಿಯೂ ಹೆಚ್ಚುವುದಿಲ್ಲ. ಕಿವಿ ಸಂತೋಷಪಟ್ಟರೆ ಮನಸ್ಸು ವೇಗ ಅಂದುಕೊಳ್ಳುತ್ತದೆ ಎಂಬುದು ಅವರಿಗೆ ಗೊತ್ತು.

ಟರ್ಬೊ ಇರುವ ಕಾರಿನ ಮಾತು ಬೇರೆ. ಅಲ್ಲಿ ಹೊರದಾರಿ ಸಲೀಸು ಮಾಡಿ, ಕಂಪ್ಯೂಟರಿನ ಲೆಕ್ಕ ತಿದ್ದಿದರೆ ಶಕ್ತಿ ಚೆನ್ನಾಗಿಯೇ ಏರುತ್ತದೆ. ಆದರೆ ಶಾಖ ಏರುತ್ತದೆ, ಕ್ಲಚ್ಚು, ಗೇರ್‌ಬಾಕ್ಸಿನ ಮೇಲೆ ಭಾರವೂ ಏರುತ್ತದೆ.

ಅಳಿಯನದು ಟರ್ಬೊ ಇಲ್ಲದ ಕಾರು. ಅಂಥ ಕಾರಿಗೆ ಬರೀ ಫಿಲ್ಟರು, ಸೈಲೆನ್ಸರು ಹಾಕಿದರೆ ಕೆಲವೇ ಎಚ್‌ಪಿ ಏರೀತು, ಏರದೆಯೂ ಇದ್ದೀತು. 200 ಎಚ್‌ಪಿ ಕಾರಿಗೆ 5 ಎಚ್‌ಪಿ ಏರಿತು ಅಂತಲೇ ಇಟ್ಟುಕೊಳ್ಳಿ. ನಮ್ಮ ತೋಟದ ಒಂದು ಪಂಪ್‌ಸೆಟ್ಟಿನಷ್ಟು, ನೂರಕ್ಕೆ ಎರಡೂವರೆ. ನಿಂತಲ್ಲಿಂದ 100 ಕಿಲೋಮೀಟರು ವೇಗಕ್ಕೆ ಏಳೂವರೆ ಸೆಕೆಂಡು ಹಿಡಿಯುವ ಕಾರಿಗೆ ಉಳಿಯುವುದು ಕಾಲು ಸೆಕೆಂಡಿಗೂ ಕಡಿಮೆ. ಇದು ಜಮೆಯ ಕಡೆ.

ಖರ್ಚಿನ ಕಡೆ 60,000 ರೂಪಾಯಿ, ಅದರ ಬಡ್ಡಿ, ಬಳೆಯ ಚಿಂತೆ. ವಾರಂಟಿ, ವಿಮೆಯವರು ತಕರಾರು ಎತ್ತಬಹುದು. ಮೋಟಾರು ವಾಹನ ಕಾಯಿದೆಯ 52ನೆಯ ಕಲಮಿನಂತೆ ಗಾಡಿಯನ್ನು ಮನಬಂದಂತೆ ಮಾರ್ಪಡಿಸುವಂತಿಲ್ಲ. 2019ರ ತಿದ್ದುಪಡಿಯಂತೆ ಅಂಥ ಒಂದೊಂದು ಮಾರ್ಪಾಡಿಗೆ 5,000 ರೂಪಾಯಿ ದಂಡ ಅಥವಾ ಆರು ತಿಂಗಳವರೆಗೆ ಸೆರೆ, ಇಲ್ಲವೇ ಎರಡೂ ಆಗಬಹುದು. ಶಬ್ದ, ಹೊಗೆಯ ನಿಯಮ ಮೀರಿದರೆ ದಂಡ 10,000ದವರೆಗೆ. ಹೊಗೆ ಶುದ್ಧಮಾಡುವ ಕ್ಯಾಟಲಿಟಿಕ್ ಕನ್ವರ್ಟರನ್ನು ಕಿತ್ತರಂತೂ ವಿಷದ ಗಾಳಿ ಹಿಂದಿನವರ ಮೂಗಿಗೆ. ನಮ್ಮ ಘಾಟಿ ಹುಲಿ, ಆನೆಗಳ ಕಾಡೂ ಹೌದು ಎಂಬುದನ್ನು ಮರೆಯಬಾರದು.

ಕೊಯಮತ್ತೂರಿನ ಹತ್ತಿರ ಚೆಟ್ಟಿಪಾಳ್ಯದಲ್ಲಿ ಕರಿ ಮೋಟಾರ್ ಸ್ಪೀಡ್‌ವೇ ಇದೆ. ರೇಸ್ ಕಾರುಗಳನ್ನು ಕಟ್ಟಿದ ಎಸ್. ಕರಿವರ್ಧನ್ ಅವರ ಹೆಸರಿನ ಮೈದಾನ. ನಮ್ಮ ದೇಶದ ಎಲ್‌ಜಿಬಿ ಫಾರ್ಮುಲಾ ರೇಸಿನಲ್ಲಿ ಎಲ್ಲರದೂ ಒಂದೇ ಬಗೆಯ ಕಾರು, ಒಂದೇ ಮಾರುತಿ ಸ್ವಿಫ್ಟ್ ಇಂಜಿನ್ನು. ಆದರೂ ಒಬ್ಬ ಗೆಲ್ಲುತ್ತಾನೆ, ಒಬ್ಬ ಹಿಂದೆ ಬೀಳುತ್ತಾನೆ. ತಿರುವಿನಲ್ಲಿ ಗೆಲ್ಲಿಸುವುದು ಚಾಲಕನ ಕೈ, ಬ್ರೇಕು, ಟೈರು.

ಇಷ್ಟು ಹೇಳಿ ಅಳಿಯನಿಗೆ ಒಂದೇ ಮಾತು ಅಂದೆ: "ಹಾಕುವ ಮೊದಲು ಎಷ್ಟು, ಹಾಕಿದ ಮೇಲೆ ಎಷ್ಟು ಅಂತ ರೋಲರಿನ ಮೇಲೆ ಅಳೆದ ಕಾಗದ ತಗೊಂಡು ಬಾ. ಆಮೇಲೆ ಬಳೆ ವಿಷಯ." ವರ್ಕ್‌ಶಾಪಿಗೆ ಹೋಗಿ ಕೇಳಿದ. ಕಾಗದ ಸಿಗಲಿಲ್ಲ, ಸೌಂಡ್ ಕೇಳಿಸಿ ಕಳಿಸಿದರು.

ಅವನು ಬೇಸರದಿಂದಲೇ ವಾಪಸು ಬಂದ. ಸವೆದಿದ್ದ ನಾಲ್ಕು ಟೈರು ಬದಲಿಸಿದ, ಬ್ರೇಕ್ ಪ್ಯಾಡು ಹಾಕಿಸಿದ, ಕಾರ್ಖಾನೆಯದೇ ಹೊಸ ಕಾಗದದ ಫಿಲ್ಟರು ಹಾಕಿಸಿದ. ಸಂಬಳದಲ್ಲೇ ಮುಗಿಯಿತು. ಕಳೆದ ಹಬ್ಬಕ್ಕೆ ಅಮ್ಮನನ್ನು ಕೂರಿಸಿಕೊಂಡು ಘಾಟಿ ಹತ್ತಿ ಬಂದಾಗ, "ಮಾವ, ತಿರುವಲ್ಲಿ ಈಗ ಗಾಡಿ ಹಿಡ್ಕೊಂಡು ನಿಲ್ತದೆ" ಅಂದ. ತಂಗಿಯ ಕೈಯಲ್ಲಿ ಬಳೆ ಇದ್ದವು.

ಸದ್ದಿಗಾಗಿಯೇ ಹಾಕಿಸುತ್ತೇನೆ ಅನ್ನುವವರ ಆಸೆ ಅವರದು. ಆದರೆ ಸದ್ದನ್ನು ಶಕ್ತಿಯ ಲೆಕ್ಕಕ್ಕೆ ಜಮೆ ಮಾಡಬೇಡಿ.