ಮನೆಯ ಗ್ಯಾರೇಜಿನಲ್ಲಿ ಎಂಜಿಬಿ

ಎಂಜಿಬಿ ಎರಡು ಸೀಟಿನ, ಮೇಲಿನ ಹೊದಿಕೆಯನ್ನು ಮಡಚಿ ಹಿಂದಕ್ಕೆ ಸರಿಸಬಹುದಾದ ಬ್ರಿಟಿಷ್ ಸ್ಪೋರ್ಟ್ಸ್ ಕಾರು. ಆಕ್ಸ್‌ಫರ್ಡ್ ಸಮೀಪದ ಆಬಿಂಗ್‌ಡನ್ ಕಾರ್ಖಾನೆಯಲ್ಲಿ 1962ರಿಂದ 1980ರವರೆಗೆ ಇದು ತಯಾರಾಯಿತು. 1965ರಲ್ಲಿ ಬಂದ ಗಟ್ಟಿ ಛಾವಣಿಯ ಜಿಟಿ ಮಾದರಿಯೂ ಸೇರಿ ಐದು ಲಕ್ಷಕ್ಕೂ ಹೆಚ್ಚು ಕಾರುಗಳು ಹೊರಬಂದವು. ಅವುಗಳಲ್ಲಿ ಬಹುಪಾಲು ಅಮೆರಿಕಕ್ಕೆ ಹಡಗೇರಿದವು. ಮನೆಯಲ್ಲೇ ಬಿಚ್ಚಿ, ಜೋಡಿಸಿ, ಓಡಿಸಿಕೊಂಡು ಬರುವ ಹವ್ಯಾಸಕ್ಕೆ ಇಷ್ಟು ಒಗ್ಗಿದ ಹಳೆಯ ಸ್ಪೋರ್ಟ್ಸ್ ಕಾರು ಇನ್ನೊಂದು ಸಿಗುವುದು ಕಷ್ಟ. ಬಾನೆಟ್ ಎತ್ತಿದರೆ ಎಂಜಿನ್ನಿನ ಸುತ್ತ ಕೈಯಾಡಿಸಲು ಜಾಗವಿದೆ. ಕಂಪ್ಯೂಟರ್ ಇಲ್ಲ, ಸೆನ್ಸರ್ ಇಲ್ಲ. ಏನನ್ನು ಸರಿಪಡಿಸಬೇಕಾದರೂ ಅದಕ್ಕೊಂದು ಸ್ಕ್ರೂ ಇಲ್ಲವೇ ನಟ್ಟು ಕಣ್ಣಿಗೆ ಕಾಣುವಂತೆ ಇದೆ.

ಈ ಎಂಜಿನ್ನಿನ ಮನೆತನ ಕರ್ನಾಟಕಕ್ಕೂ ಹೊಸದಲ್ಲ. ಎಂಜಿಬಿಯಲ್ಲಿರುವುದು ಬಿಎಂಸಿ ಕಂಪನಿಯ ಬಿ-ಸೀರೀಸ್ ಎಂಜಿನ್ನಿನ 1798 ಸಿ.ಸಿ. ರೂಪ. ಟ್ಯಾಕ್ಸಿಯಾಗಿ, ಸರ್ಕಾರಿ ಕಾರಾಗಿ ದಶಕಗಳ ಕಾಲ ಇಲ್ಲಿ ಓಡಾಡಿದ ಅಂಬಾಸಡರ್‌ನ 1489 ಸಿ.ಸಿ. ಎಂಜಿನ್ ಅದೇ ಕುಟುಂಬದ್ದು. ಅಂಬಾಸಡರ್‌ನ ಟ್ಯಾಪೆಟ್ ಕಟ್ಟಿದ ಕೈಗೆ ಎಂಜಿಬಿಯ ವಾಲ್ವ್ ಕವರ್ ತೆಗೆದಾಗ ಕಾಣುವುದೆಲ್ಲ ಗುರುತಿನದೇ.

ಆದರೆ ಹಳೆಯ ಕಾರು ತಂದವರು ಎಂಜಿನ್ನಿನಿಂದ ಕೆಲಸ ಶುರುಮಾಡಬಾರದು. ಮೊದಲು ತಗಡು, ಆಮೇಲೆ ಬ್ರೇಕು, ಎಂಜಿನ್ ಅದರ ನಂತರ. ಕಾರಣ ಸರಳ. ಕೆಟ್ಟ ಎಂಜಿನ್ ಕಾರನ್ನು ನಿಲ್ಲಿಸುತ್ತದೆ, ಅಷ್ಟೆ. ಕೆಟ್ಟ ಬ್ರೇಕು ನಿಲ್ಲಿಸುವುದೇ ಇಲ್ಲ. ತಗಡು ಲಡ್ಡಾದರೆ ರಿಪೇರಿ ಮಾಡಲು ಕಾರೇ ಉಳಿಯುವುದಿಲ್ಲ.

ಹಿಂದಿನ ಮಾದರಿಯಾದ ಎಂಜಿಎಗೆ ಬೇರೆಯದೇ ಚಾಸಿ ಇತ್ತು. ಎಂಜಿಬಿಗೆ ಅದಿಲ್ಲ; ಬೆಸುಗೆ ಹಾಕಿದ ತಗಡಿನ ಒಡಲೇ ಇಡೀ ಭಾರ ಹೊರುತ್ತದೆ. ಮೇಲೆ ಛಾವಣಿಯೂ ಇಲ್ಲದ್ದರಿಂದ ಕಾರಿನ ಮುಂಭಾಗವನ್ನೂ ಹಿಂಭಾಗವನ್ನೂ ನೆಟ್ಟಗೆ ಹಿಡಿದಿಡುವ ಹೊಣೆ ಬಹುಮಟ್ಟಿಗೆ ಬಾಗಿಲುಗಳ ಕೆಳಗಿನ ಹೊಸ್ತಿಲ ಮೇಲೆ, ಅಂದರೆ ಸಿಲ್‌ಗಳ ಮೇಲೆ ಬೀಳುತ್ತದೆ. ಸಿಲ್ ಹಲವು ಪದರಗಳ ಟೊಳ್ಳು ಪೆಟ್ಟಿಗೆ. ಚಳಿಗಾಲದಲ್ಲಿ ಬ್ರಿಟನ್ನಿನ ರಸ್ತೆಗಳಿಗೆ ಎರಚುವ ಉಪ್ಪು ನೀರಿನೊಂದಿಗೆ ಒಳಗೆ ಸೇರಿ, ಒಳಗಿನಿಂದಲೇ ಅದನ್ನು ತಿನ್ನುತ್ತದೆ. ಹೊರಗೆ ಪೇಂಟಿನ ಮೇಲೆ ಒಂದು ಗುಳ್ಳೆ ಎದ್ದಿತೆಂದರೆ ಒಳಗಿನ ಪದರದಲ್ಲಿ ತೂತು ಬಿದ್ದಿರುವ ಸಾಧ್ಯತೆಯೇ ಹೆಚ್ಚು.

ಇದನ್ನು ಪತ್ತೆಮಾಡಲು ಒಂದು ಹಳೆಯ ಪರೀಕ್ಷೆ ಇದೆ. ಬಾಗಿಲು ಮುಚ್ಚಿ ಅದರ ಹಿಂಬದಿಯ ಸಂದನ್ನು ನೋಡಿಕೊಳ್ಳಬೇಕು; ಆಮೇಲೆ ಜಾಕಿಯಿಂದ ಆ ಬದಿಯನ್ನು ಎತ್ತಬೇಕು. ಸಂದು ಮೇಲ್ತುದಿಯಲ್ಲಿ ಕಿರಿದಾದರೆ ಅಥವಾ ಬಾಗಿಲು ಬಿಗಿಯಾಗಿ ಕಚ್ಚಿಕೊಂಡರೆ ಒಡಲು ನಡುವಿನಲ್ಲಿ ಬಾಗುತ್ತಿದೆ ಎಂದರ್ಥ. ಅಂಥ ಕಾರಿಗೆ ಹೊರಗಿನಿಂದ ತೇಪೆ ಹಾಕಿ ಪೇಂಟು ಬಳಿಯುವುದು ಮೋಸದ ಕೆಲಸ. ಸಿಲ್ ಕತ್ತರಿಸಿ ಹೊಸದನ್ನು ಬೆಸೆಯಬೇಕು. ಕತ್ತರಿಸುವ ಮೊದಲು ಬಾಗಿಲ ಜಾಗಕ್ಕೆ ಕಬ್ಬಿಣದ ಅಡ್ಡಪಟ್ಟಿ ಕಟ್ಟಿ ಬಿಗಿಗೊಳಿಸದಿದ್ದರೆ ಒಡಲು ಕುಸಿದು, ಮುಂದೆಂದೂ ಬಾಗಿಲು ಸರಿಯಾಗಿ ಕೂರುವುದಿಲ್ಲ. ವೆಲ್ಡಿಂಗ್ ಕಲಿತಿಲ್ಲದವರು ಈ ಒಂದು ಕೆಲಸವನ್ನು ಪಳಗಿದ ಟಿಂಕರಿಂಗ್ ಕೆಲಸಗಾರರಿಗೆ ಬಿಡುವುದೇ ಲೇಸು. ಪೂರ್ತಿ ಹಾಳಾದ ಕಾರಿಗೂ ದಾರಿ ಮುಚ್ಚಿಲ್ಲ: ಬ್ರಿಟಿಷ್ ಮೋಟಾರ್ ಹೆರಿಟೇಜ್ ಸಂಸ್ಥೆ ಮೂಲ ಅಚ್ಚುಗಳನ್ನು ಹುಡುಕಿ ತೆಗೆದು, 1988ರಿಂದ ಎಂಜಿಬಿಯ ಇಡೀ ಒಡಲನ್ನೇ ಹೊಸದಾಗಿ ಮಾಡಿ ಮಾರತೊಡಗಿತು.

ತುಕ್ಕು ತಡೆಯುವುದು ಮಾತ್ರ ಎಲ್ಲರ ಕೈಗೆಟುಕುವ ಕೆಲಸ. ಮುಂಚಕ್ರದ ಹಿಂದೆ ಮಡ್‌ಗಾರ್ಡಿನ ಒಳಮೂಲೆಯಲ್ಲಿ ಕೆಸರು ಗಟ್ಟಿಯಾಗಿ ಕೂತು ತಿಂಗಳುಗಟ್ಟಲೆ ತೇವ ಹಿಡಿದಿಡುತ್ತದೆ. ಅದನ್ನು ಕೆರೆದು ತೊಳೆಯಬೇಕು. ಸಿಲ್‌ಗಳ ತಳದ ನೀರಿಳಿಯುವ ತೂತುಗಳು ಕಟ್ಟಿದ್ದರೆ ತಂತಿಯಿಂದ ಬಿಡಿಸಬೇಕು. ಒಣಗಿದ ಮೇಲೆ ಮೇಣ ಬೆರೆತ ಎಣ್ಣೆಯನ್ನು ಟೊಳ್ಳಿನೊಳಗೆ ಪಿಚಕಾರಿಯಿಂದ ಹೊಡೆಯಬೇಕು. ಕ್ರೋಮ್ ಬಂಪರಿಗೆ ಪಾಲಿಶ್ ಹಾಕಿದಾಗ ಸಿಗುವ ತೃಪ್ತಿ ಇದರಲ್ಲಿಲ್ಲ. ಆದರೂ ಕಾರಿನ ಆಯುಷ್ಯ ಉದ್ದವಾಗುವುದು ಇಲ್ಲೇ.

ಕಾರಿನಡಿ ನುಸುಳುವವರು ಜಾಕಿಯೊಂದನ್ನೇ ನಂಬಬಾರದು. ಎತ್ತಿದ ಕಾರನ್ನು ಗಟ್ಟಿ ನೆಲದ ಮೇಲೆ ಕಬ್ಬಿಣದ ಆಕ್ಸಲ್ ಸ್ಟ್ಯಾಂಡುಗಳ ಮೇಲಿಳಿಸಿ, ಕೈಯಿಂದ ಅಲುಗಾಡಿಸಿ ನೋಡಿ, ಆಮೇಲಷ್ಟೇ ಕೆಳಗೆ ಹೋಗಬೇಕು. ಈ ಮಾತಿಗೆ ವಿನಾಯಿತಿ ಇಲ್ಲ.

ಎಂಜಿಬಿಯ ಮುಂದೆ ಡಿಸ್ಕ್, ಹಿಂದೆ ಡ್ರಮ್ ಬ್ರೇಕು. ಆರಂಭದ ಕಾರುಗಳಲ್ಲಿ ನಾಲ್ಕೂ ಚಕ್ರಗಳಿಗೆ ಬ್ರೇಕ್ ಆಯಿಲ್ ಒಂದೇ ಜಾಲದಲ್ಲಿ ಹರಿಯುತ್ತದೆ. ಎಲ್ಲೋ ಒಂದು ಪೈಪು ಒಡೆದರೂ ಪೆಡಲ್ ನೆಲ ಮುಟ್ಟುತ್ತದೆ, ಉಳಿಯುವುದು ಹ್ಯಾಂಡ್‌ಬ್ರೇಕ್ ಮಾತ್ರ. ಆದ್ದರಿಂದ ತುಕ್ಕು ಹಿಡಿದ ಉಕ್ಕಿನ ಪೈಪುಗಳನ್ನು ತಾಮ್ರ-ನಿಕಲ್ ಮಿಶ್ರಲೋಹದವುಗಳಿಗೆ ಬದಲಿಸಿಕೊಳ್ಳುವ ವಾಡಿಕೆ ಇದೆ. ಹಳೆಯ ರಬ್ಬರ್ ಹೋಸಿನ ಕೇಡು ಇನ್ನೂ ಗುಟ್ಟಿನದು: ಹೊರಗೆ ಚೆನ್ನಾಗಿಯೇ ಕಂಡರೂ ಒಳಗೆ ಊದಿಕೊಂಡು ಆಯಿಲ್ ಹಿಂದಿರುಗದಂತೆ ತಡೆಯುತ್ತದೆ, ಕಾಲು ತೆಗೆದ ಮೇಲೂ ಆ ಚಕ್ರದ ಬ್ರೇಕು ಹಿಡಿದೇ ಇರುತ್ತದೆ. ಸ್ವಲ್ಪ ದೂರ ಓಡಿಸಿ ಬಂದು ನಾಲ್ಕೂ ಚಕ್ರಗಳ ಬಿಸಿಯನ್ನು ಹೋಲಿಸಿದರೆ ಇದು ಗೊತ್ತಾಗುತ್ತದೆ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುವ ಗುಣದ್ದು. ತೇವ ಹೆಚ್ಚಿದಂತೆ ಅದರ ಕುದಿಯುವ ಬಿಂದು ಇಳಿಯುತ್ತದೆ, ಪೈಪುಗಳೂ ಒಳಗಿನಿಂದ ಕೊರೆದುಹೋಗುತ್ತವೆ. ಎರಡು ವರ್ಷಕ್ಕೊಮ್ಮೆ ಪೂರ್ತಿ ಬದಲಿಸಬೇಕು. ಅದು ಪೇಂಟನ್ನೂ ಕೀಳುತ್ತದೆ ಎಂಬುದು ಚೆಲ್ಲಿಕೊಂಡವರಿಗೆಲ್ಲ ಗೊತ್ತು. ಬ್ರಿಟನ್ನಿನಲ್ಲಿ 40 ವರ್ಷ ದಾಟಿದ ಹೆಚ್ಚಿನ ಕಾರುಗಳಿಗೆ 2018ರಿಂದ ವಾರ್ಷಿಕ ತಪಾಸಣೆ ಕಡ್ಡಾಯವಲ್ಲ. ಹೀಗಾಗಿ ಬ್ರೇಕು ನೋಡಿಕೊಳ್ಳುವ ಹೊಣೆ ಪೂರ್ತಿಯಾಗಿ ಮಾಲೀಕರದೇ ಆಗಿದೆ.

ಮುಂಚಕ್ರಗಳು ಹೊರಳುವ ಕೀಲುಗಳಾದ ಕಿಂಗ್‌ಪಿನ್‌ಗಳಿಗೆ ಪ್ರತಿ ಬದಿಗೂ ಮೂರು ಗ್ರೀಸ್ ನಿಪ್ಪಲ್‌ಗಳಿವೆ. ಸುಮಾರು 4,800 ಕಿ.ಮೀ.ಗೊಮ್ಮೆ, ಅಂದರೆ 3,000 ಮೈಲಿಗೊಮ್ಮೆ, ಚಕ್ರ ಎತ್ತಿ ಭಾರ ಇಳಿಸಿಕೊಂಡು ಹೊಸ ಗ್ರೀಸು ಹೊರಚೆಲ್ಲುವವರೆಗೆ ಗನ್ ಒತ್ತಬೇಕು. ಹತ್ತು ನಿಮಿಷದ ಈ ಕೆಲಸ ಬಿಟ್ಟರೆ ಸ್ಟೀರಿಂಗ್ ಭಾರವಾಗಿ, ಕೊನೆಗೆ ದುಬಾರಿ ರಿಪೇರಿಗೆ ಬಂದು ನಿಲ್ಲುತ್ತದೆ. ಕಡ್ಡಿ ಚಕ್ರಗಳಿರುವ ಕಾರಾದರೆ ಹಬ್ಬಿನ ಹಲ್ಲುಗಳಿಗೂ ಗ್ರೀಸು ಬೇಕು.

ಪಾನಾಗಳ ವಿಷಯದಲ್ಲೂ ಎಚ್ಚರ ಅಗತ್ಯ. ಈ ಕಾರಿನ ನಟ್ಟು-ಬೋಲ್ಟುಗಳು ಇಂಚಿನ ಅಳತೆಯವು. ಅರ್ಧ ಇಂಚು ಮತ್ತು ಒಂಬತ್ತು-ಹದಿನಾರನೆಯ ಇಂಚಿನ ಪಾನಾಗಳಿಗೆ ಬಿಡುವೇ ಇರುವುದಿಲ್ಲ. ಮಿಲಿಮೀಟರ್ ಪಾನಾ ಹಾಕಿ ತಿರುಗಿಸಿದರೆ ನಟ್ಟಿನ ಮೂಲೆಗಳು ಸವೆದು ಗುಂಡಗಾಗುತ್ತವೆ.

ಎಂಜಿನ್ನಿನಲ್ಲಿ ಟ್ಯಾಪೆಟ್ ಮೊದಲು, ಆಮೇಲೆ ಇಗ್ನಿಷನ್, ಕಾರ್ಬುರೇಟರ್ ಎಲ್ಲಕ್ಕಿಂತ ಕೊನೆಗೆ. ಈ ಕ್ರಮ ತಪ್ಪಿದವರು ದಿನಗಟ್ಟಲೆ ಕಾರ್ಬುರೇಟರ್ ತಿರುಗಿಸುತ್ತ ಕೂರುತ್ತಾರೆ, ತಪ್ಪು ಬೇರೆಲ್ಲೋ ಇರುತ್ತದೆ.

ಟ್ಯಾಪೆಟ್ ಸಂದು, ಅಂದರೆ ವಾಲ್ವಿನ ತುದಿಗೂ ಅದನ್ನು ಒತ್ತುವ ರಾಕರಿಗೂ ನಡುವಿನ ಜಾಗ, ಬಹುತೇಕ ಎಂಜಿಬಿಗಳಲ್ಲಿ 0.38 ಮಿ.ಮೀ. ಎಂಟು ವಾಲ್ವುಗಳು ಸಾಲಾಗಿ ನಿಂತಿರುವುದರಿಂದ ಒಂಬತ್ತರ ಲೆಕ್ಕ ಕೆಲಸ ಸುಲಭ ಮಾಡುತ್ತದೆ: ಎಂಟನೆಯದು ಪೂರ್ತಿ ತೆರೆದಾಗ ಒಂದನೆಯದನ್ನು ಅಳೆಯಬೇಕು, ಆರನೆಯದು ತೆರೆದಾಗ ಮೂರನೆಯದನ್ನು, ಎರಡರ ಮೊತ್ತ ಯಾವಾಗಲೂ ಒಂಬತ್ತು. ಪ್ಲಗ್‌ಗಳನ್ನು ಬಿಚ್ಚಿಟ್ಟರೆ ಎಂಜಿನ್ ತಿರುಗಿಸುವುದು ಹಗುರ. ಫೀಲರ್ ಗೇಜಿನ ತಗಡು ಸಂದಿನಲ್ಲಿ ತುಸು ತಡೆಯುತ್ತ ಜಾರಬೇಕು. ಅಳತೆಯನ್ನು ಪ್ರತಿ ಬಾರಿ ಬರೆದಿಟ್ಟರೆ ಇನ್ನೊಂದು ಲಾಭವಿದೆ. ಬ್ರಿಟನ್ನಿನಲ್ಲಿ 2000ದಿಂದ ಸೀಸ ಬೆರೆತ ಪೆಟ್ರೋಲಿನ ಸಾಮಾನ್ಯ ಮಾರಾಟ ನಿಂತಿತು. ಹಳೆಯ ಎಂಜಿನ್ನುಗಳ ಮೆದು ವಾಲ್ವ್ ಸೀಟುಗಳಿಗೆ ಸೀಸವೇ ರಕ್ಷಣೆಯಾಗಿತ್ತು. ಅದಿಲ್ಲದೆ ಎಗ್ಝಾಸ್ಟ್ ವಾಲ್ವು ನಿಧಾನವಾಗಿ ಹೆಡ್ಡಿನೊಳಕ್ಕೆ ಇಳಿಯುತ್ತದೆ, ಟ್ಯಾಪೆಟ್ ಸಂದು ಮತ್ತೆಮತ್ತೆ ಕಿರಿದಾಗುತ್ತದೆ. ಬರೆದಿಟ್ಟ ಅಂಕಿಗಳು ಹಾಗೆ ಇಳಿಯುತ್ತಿದ್ದರೆ ಹೆಡ್ಡಿಗೆ ಗಟ್ಟಿ ಸೀಟುಗಳನ್ನು ಕೂರಿಸುವ ಕಾಲ ಬಂದಿದೆ ಎಂದು ತಿಳಿಯಬಹುದು.

ಇಗ್ನಿಷನ್ನಿನಲ್ಲಿ ಡಿಸ್ಟ್ರಿಬ್ಯೂಟರಿನ ಪಾಯಿಂಟು ಸವೆಯುವ ಭಾಗ. ಅದರ ಸಂದು 0.35ರಿಂದ 0.40 ಮಿ.ಮೀ. ಇರಬೇಕು. ಸಂದು ಬದಲಾದರೆ ಟೈಮಿಂಗ್ ಕೂಡ ಬದಲಾಗುವುದರಿಂದ ಪಾಯಿಂಟು ಮೊದಲು, ಟೈಮಿಂಗ್ ನಂತರ.

ಇನ್ನು ಕಾರ್ಬುರೇಟರ್. ಎಂಜಿಬಿಯ ಅವಳಿ ಎಸ್‌ಯು ಕಾರ್ಬುರೇಟರುಗಳು ಸರಳತೆಯಲ್ಲಿ ಅಡಗಿದ ಜಾಣತನಕ್ಕೆ ಮಾದರಿ. ಎಸ್‌ಯು ಎಂದರೆ ಸ್ಕಿನ್ನರ್ ಯೂನಿಯನ್. ಪಾದರಕ್ಷೆ ವ್ಯಾಪಾರದ ಕುಟುಂಬದವರು ಕಟ್ಟಿದ ಕಂಪನಿ. ಅವರ ಮೊದಮೊದಲ ಕಾರ್ಬುರೇಟರುಗಳಲ್ಲಿ ಚರ್ಮದ ತಿದಿಯೇ ಇತ್ತು. ಈಗಿನದರಲ್ಲಿ ಆ ಜಾಗಕ್ಕೆ ಲೋಹದ ಪಿಸ್ಟನ್ ಬಂದಿದೆ. ಎಂಜಿನ್ ಹೆಚ್ಚು ಗಾಳಿ ಎಳೆದಂತೆ ಪಿಸ್ಟನ್ ಮೇಲೇರುತ್ತದೆ. ಅದರ ತಳಕ್ಕಿರುವ ಚೂಪಾಗುತ್ತ ಹೋಗುವ ಸೂಜಿ ಜೆಟ್ಟಿನ ತೂತಿನಿಂದ ಹೊರಬಂದು ಅದಕ್ಕೆ ತಕ್ಕಷ್ಟು ಪೆಟ್ರೋಲ್ ಬಿಡುತ್ತದೆ. ಗಾಳಿಯೇ ತನಗೆ ಬೇಕಾದ ಪೆಟ್ರೋಲನ್ನು ಅಳೆದುಕೊಳ್ಳುತ್ತದೆ ಎಂದರೂ ಸರಿ. ಪಿಸ್ಟನ್ ಮೇಲಿನ ಗುಮ್ಮಟದ ನಡುವೆ ಸ್ವಲ್ಪ ಆಯಿಲ್ ಇರಬೇಕು. ಅದು ಬತ್ತಿದರೆ ಆಕ್ಸಿಲರೇಟರ್ ಒತ್ತಿದೊಡನೆ ಕಾರು ಮುಗ್ಗರಿಸುತ್ತದೆ. ಎರಡು ಕಾರ್ಬುರೇಟರುಗಳ ಪಿಸ್ಟನ್‌ ಮತ್ತು ಗುಮ್ಮಟ ಆಯಾ ಜೋಡಿಗೇ ಹೊಂದುವಂಥವು, ತೊಳೆಯುವಾಗ ಅದಲುಬದಲಾಗಬಾರದು.

ಎರಡೂ ಸಮನಾಗಿ ಗಾಳಿ ಎಳೆಯುತ್ತಿವೆಯೇ ಎಂದು ತಿಳಿಯಲು ರಬ್ಬರ್ ಕೊಳವೆಯ ಒಂದು ತುದಿಯನ್ನು ಕಿವಿಗೂ ಇನ್ನೊಂದನ್ನು ಕಾರ್ಬುರೇಟರಿನ ಬಾಯಿಗೂ ಹಿಡಿದರೆ ಸಾಕು. ಬುಸುಗುಟ್ಟುವ ಸದ್ದು ಎರಡರಲ್ಲೂ ಒಂದೇ ಆಗುವವರೆಗೆ ಸ್ಕ್ರೂ ತಿರುಗಿಸಬೇಕು. ಪೆಟ್ರೋಲಿನ ಹದ ನೋಡಲು, ಎಂಜಿನ್ ಬಿಸಿಯಿದ್ದಾಗ ಪಿಸ್ಟನ್ನನ್ನು ಒಂದು ಮಿ.ಮೀ.ಗಿಂತ ಕಡಿಮೆ ಎತ್ತಬೇಕು. ವೇಗ ಏರಿ ಹಾಗೇ ನಿಂತರೆ ಪೆಟ್ರೋಲ್ ಹೆಚ್ಚು. ಎಂಜಿನ್ ನರಳಿ ನಿಲ್ಲಹೊರಟರೆ ಕಡಿಮೆ. ಕ್ಷಣಕಾಲ ತುಸು ಏರಿ ಮೊದಲಿನಂತಾದರೆ ಹದ ಸರಿಯಾಗಿದೆ.

ಪೆಟ್ರೋಲೇ ಬದಲಾಗಿರುವುದು ಈಚಿನ ತೊಡಕು. 2021ರ ಸೆಪ್ಟೆಂಬರಿನಿಂದ ಬ್ರಿಟನ್ನಿನ ಸಾಮಾನ್ಯ ಪೆಟ್ರೋಲಿನಲ್ಲಿ ಶೇ. 10ರವರೆಗೆ ಎಥನಾಲ್ ಇದೆ. ಭಾರತದ ಬಂಕುಗಳಲ್ಲಿ ಅದು ಶೇ. 20ಕ್ಕೆ ಮುಟ್ಟಿದೆ, ಹಾಗಾಗಿ ಇಲ್ಲಿನ ಹಳೆಯ ಕಾರುಗಳ ಮಾಲೀಕರಿಗೂ ಈ ಚಿಂತೆ ತಪ್ಪಿದ್ದಲ್ಲ. ಎಥನಾಲ್ ಹಳೆಯ ರಬ್ಬರನ್ನು ಮೆತ್ತಗೆ ಮಾಡಿ ಬಿರುಕುಗೊಳಿಸುತ್ತದೆ, ತೇವವನ್ನೂ ಹೀರುತ್ತದೆ. ಬಿಸಿ ಎಂಜಿನ್ನಿನ ಮೇಲೆ ಸೋರುವ ಹೋಸು ಬೆಂಕಿಗೆ ದಾರಿ. ಎಥನಾಲ್ ತಾಳಿಕೊಳ್ಳುವ ಹೋಸುಗಳನ್ನು ಹಾಕುವುದನ್ನು ಮುಂದೂಡಬಾರದು.

ವಿದ್ಯುತ್ ಕೆಲಸಕ್ಕೆ ಮುನ್ನ ಕಾರು ಯಾವ ಕಾಲದ್ದೆಂದು ತಿಳಿದಿರಬೇಕು. 1967ರವರೆಗಿನ ಎಂಜಿಬಿಗಳಲ್ಲಿ ಬ್ಯಾಟರಿಯ ಪಾಸಿಟಿವ್ ತುದಿ ಒಡಲಿಗೆ ಅರ್ತ್ ಆಗಿರುತ್ತದೆ, ಆಮೇಲಿನವುಗಳಲ್ಲಿ ನೆಗೆಟಿವ್. ಆಲ್ಟರ್ನೇಟರ್ ಇರುವ ಕಾರಿನಲ್ಲಿ ತಪ್ಪಾಗಿ ಜೋಡಿಸಿದರೆ ಅದು ಸುಟ್ಟುಹೋಗುತ್ತದೆ. 1974ರವರೆಗೆ ಸೀಟುಗಳ ಹಿಂದೆ ನೆಲದಡಿಯಲ್ಲಿ 6 ವೋಲ್ಟಿನ ಎರಡು ಬ್ಯಾಟರಿಗಳಿದ್ದವು. ಕಣ್ಣಿಗೆ ಬೀಳದ ಜಾಗವಾದ್ದರಿಂದ ಅವುಗಳ ಟರ್ಮಿನಲ್‌ಗಳನ್ನು ಉಜ್ಜುವುದು ಮರೆತುಹೋಗುತ್ತದೆ. ಮಂಕಾದ ಲೈಟು, ಸೋಮಾರಿ ಸ್ಟಾರ್ಟರ್, ಒಮ್ಮೊಮ್ಮೆ ಮಾತ್ರ ಮಿನುಗುವ ಇಂಡಿಕೇಟರ್: ಇವುಗಳಿಗೆಲ್ಲ ಹೆಚ್ಚಿನ ಸಲ ಕಾರಣ ಅರ್ತ್ ಕೂಡುವ ಜಾಗದ ತುಕ್ಕು. ಹೊಸ ಭಾಗ ಕೊಳ್ಳುವ ಮೊದಲು ಅಲ್ಲಿ ಉಪ್ಪುಕಾಗದ ಉಜ್ಜಿ ನೋಡಬೇಕು.

ಕ್ಲಚ್ ಬದಲಿಸುವುದು ಮನೆಯ ಕೆಲಸಗಳಲ್ಲಿ ಭಾರಿಯದು, ಏಕೆಂದರೆ ಅದಕ್ಕಾಗಿ ಎಂಜಿನ್ನನ್ನೇ ಹೊರತೆಗೆಯಬೇಕು. ಬಾಡಿಗೆಗೆ ತಂದ ಕ್ರೇನು, ಇನ್ನೊಬ್ಬರ ನೆರವು, ವಾರಾಂತ್ಯದ ಎರಡು ದಿನ ಬೇಕು. ತೆಗೆದ ಬೋಲ್ಟುಗಳನ್ನು ಡಬ್ಬಿಗಳಲ್ಲಿ ಹೆಸರು ಬರೆದಿಟ್ಟು, ಪ್ರತಿ ಹಂತದ ಫೋಟೊ ತೆಗೆದುಕೊಂಡರೆ ಮರಳಿ ಜೋಡಿಸುವಾಗ ಒದ್ದಾಟ ಇರುವುದಿಲ್ಲ.

ಚಳಿಗಾಲದಲ್ಲಿ ಕಾರು ನಿಲ್ಲಿಸುವ ಮೊದಲು 20ಡಬ್ಲ್ಯು-50 ಎಂಜಿನ್ ಆಯಿಲ್ ಮತ್ತು ಫಿಲ್ಟರ್ ಬದಲಿಸುವುದು ಉತ್ತಮ. ಹಳೆಯ ಆಯಿಲಿನ ಆಮ್ಲ ತಿಂಗಳುಗಟ್ಟಲೆ ಬೇರಿಂಗುಗಳ ಮೇಲೆ ಕೂರಬಾರದು. ಹ್ಯಾಂಡ್‌ಬ್ರೇಕ್ ಬಿಟ್ಟು ಚಕ್ರಗಳಿಗೆ ಅಡ್ಡಗಲ್ಲು ಕೊಡಬೇಕು, ಇಲ್ಲದಿದ್ದರೆ ಡ್ರಮ್ಮಿಗೆ ಲೈನರ್ ಅಂಟಿಕೊಳ್ಳುತ್ತದೆ. ವಸಂತದಲ್ಲಿ ಕೀ ತಿರುಗಿಸಿದಾಗ ಹಿಂದಿನ ಬಲ ಚಕ್ರದ ಬಳಿಯಿಂದ ಎಲೆಕ್ಟ್ರಿಕ್ ಪೆಟ್ರೋಲ್ ಪಂಪಿನ ಟಿಕ್ ಟಿಕ್ ಕೇಳಿಸಬೇಕು. ಕೇಳಿಸದಿದ್ದರೆ ಒಳಗಿನ ಪಾಯಿಂಟುಗಳ ಮೇಲೆ ಪದರ ಕಟ್ಟಿದೆ ಎಂದು ಊಹಿಸಬಹುದು. ಸ್ಕ್ರೂಡ್ರೈವರಿನ ಹಿಡಿಯಿಂದ ಮೆಲ್ಲಗೆ ತಟ್ಟಿದರೆ ಸಾಮಾನ್ಯವಾಗಿ ಅದು ಎಚ್ಚೆತ್ತುಕೊಳ್ಳುತ್ತದೆ. ಕಾರ್ಬುರೇಟರ್ ತುಂಬುತ್ತಿದ್ದಂತೆ ಆ ಟಿಕ್ ಟಿಕ್ ನಿಧಾನವಾಗಿ ನಿಲ್ಲುತ್ತದೆ. ಆಗ ಚೋಕ್ ಎಳೆದು ಸ್ಟಾರ್ಟ್ ಮಾಡಬಹುದು.