ಕಾಗದದ ಬಲ ಮೊದಲ ನಮೂದಿನಲ್ಲಿ

ಜೂನ್ ತಿಂಗಳಲ್ಲಿ ಶಾಲೆಯ ಗಂಟೆ ಮತ್ತೆ ಬಾರಿಸುವ ಹೊತ್ತಿಗೆ ಅಕ್ಕಲಕೋಟ ತಾಲೂಕಿನ ಕರಜಗಿಯಂತಹ ಊರುಗಳ ಮನೆಗಳಲ್ಲಿ ಟ್ರಂಕಿನ ತಳದಿಂದ ಒಂದು ಪ್ಲಾಸ್ಟಿಕ್ ಚೀಲ ಹೊರಬರುತ್ತದೆ. ಮಗುವಿನ ಜನನ ಪ್ರಮಾಣಪತ್ರ, ಆಧಾರ್ ಕಾರ್ಡು, ರೇಷನ್ ಕಾರ್ಡು, ತಂದೆ ಶಾಲೆ ಬಿಟ್ಟಾಗ ಪಡೆದ ‘ದಾಖಲಾ’, ಅಜ್ಜನ ಹೆಸರಿರುವ ಹಳದಿಗಟ್ಟಿದ ಒಂದು ಉತಾರ. ಕುಟುಂಬವೊಂದು ತಾನು ಯಾರೆಂದು ಸರಕಾರಕ್ಕೆ ಹೇಳಿಕೊಳ್ಳಲು ಬೇಕಾದುದೆಲ್ಲ ಆ ಚೀಲದಲ್ಲಿಯೇ ಇರುತ್ತದೆ.

ಅಂತಹ ಒಂದು ಚೀಲವನ್ನು ಉದಾಹರಣೆಗಾಗಿ ಬಿಚ್ಚಿ ನೋಡಬಹುದು. ಕನ್ನಡ ಶಾಲೆಯ ಹಳೆಯ ರಿಜಿಸ್ಟರಿನಲ್ಲಿ ಅಜ್ಜನ ಹೆಸರು ‘ಮಲ್ಲಪ್ಪ ಬಿರಾದಾರ’. ಮಗನ ಮರಾಠಿ ಕಾಗದದಲ್ಲಿ ಅದೇ ಹಿರಿಯರು ‘ಮಲ್ಲಪ್ಪಾ ಬಿರಾಜದಾರ’. ಮೊಮ್ಮಗಳ ಕಾಗದದ ಇಂಗ್ಲಿಷ್ ಅಕ್ಷರಗಳಲ್ಲಿ ಒಂದು ‘ಎಲ್’ ಕಳೆದುಹೋಗಿ ‘ಮಲಪ್ಪಾ’. ಮೂವರೂ ಒಬ್ಬರೇ ಎಂಬುದು ಊರಿಗೆಲ್ಲ ಗೊತ್ತು. ಆದರೆ ಮೊಮ್ಮಗಳು ಹನ್ನೆರಡನೆಯ ಇಯತ್ತೆ ಮುಗಿಸಿ, ಮೀಸಲಾತಿಯಡಿ ವೃತ್ತಿಶಿಕ್ಷಣಕ್ಕೆ ಪ್ರವೇಶ ಬಯಸಿ ಜಾತಿ ಸಿಂಧುತ್ವ ಪ್ರಮಾಣಪತ್ರಕ್ಕೆ ಅರ್ಜಿ ಹಾಕಿದ ದಿನ ಊರಿನ ತಿಳಿವಳಿಕೆ ಸಾಲುವುದಿಲ್ಲ. ಅಲ್ಲಿ ಕಾಗದವೇ ಮಾತನಾಡಬೇಕು. ಮೂರು ಕಾಗದಗಳು ಮೂರು ಮಾತು ಆಡಿದರೆ, ಸತ್ಯವಂತರ ಮೇಲೂ ಸುಳ್ಳಿನ ನೆರಳು ಬೀಳುತ್ತದೆ.

ಗುರುತಿನ ದಾಖಲೆಗಳನ್ನು ನಕಲಿ ಮಾಡಲಾಗದಂತೆ ಭದ್ರಪಡಿಸುವ ಕೆಲಸ ದೇಶದಲ್ಲಿ ಭರದಿಂದ ನಡೆದಿದೆ. ಅದು ಬೇಕಾದ ಕೆಲಸವೇ. ಆದರೆ ಆ ಭದ್ರತೆ ನಿಜವಾಗಿ ಎಲ್ಲಿದೆ ಎಂಬುದನ್ನು ಗಡಿಭಾಗದ ಕನ್ನಡ ಪಾಲಕರು ಸರಿಯಾಗಿ ತಿಳಿಯಬೇಕಾಗಿದೆ.

ಅಸಲಿ ಯಂತ್ರ, ನಕಲಿ ಕಾಗದ

ಕಾಗದವನ್ನೇ ನಂಬಿದರೆ ಏನಾಗುವುದೆಂಬುದಕ್ಕೆ ಗಡಿನಾಡಿನಲ್ಲಿಯೇ ದೊಡ್ಡ ನಿದರ್ಶನವಿದೆ. ಬೆಳಗಾವಿ ಜಿಲ್ಲೆಯ ಖಾನಾಪುರದ ಅಬ್ದುಲ್ ಕರೀಂ ತೆಲಗಿ ನಡೆಸಿದ ಛಾಪಾಕಾಗದ ಹಗರಣವು ಗುರುತಿನ ಚೀಟಿಗಳಿಗೆ ಸಂಬಂಧಿಸಿದ್ದಲ್ಲ. ಆದರೂ ಅದರ ಪಾಠ ಎಲ್ಲ ದಾಖಲೆಗಳಿಗೂ ಸಲ್ಲುತ್ತದೆ. ಭಾರತದ ಛಾಪಾಕಾಗದವೂ ಪಾಸ್‌ಪೋರ್ಟಿನ ಪುಸ್ತಕವೂ ಅಚ್ಚಾಗುವುದು ನಾಶಿಕದ ಭದ್ರತಾ ಮುದ್ರಣಾಲಯದಲ್ಲಿ. ಅಲ್ಲಿ ಹಳತೆಂದು ವಿಲೇವಾರಿಯಾದ ಯಂತ್ರವೇ ತೆಲಗಿಯ ಕೈ ಸೇರಿತು. ಅದರಿಂದ ಹೊರಬಂದ ಕಾಗದ ಎಷ್ಟು ಅಸಲಿನಂತಿತ್ತೆಂದರೆ ಬ್ಯಾಂಕುಗಳೂ ವಿಮಾ ಸಂಸ್ಥೆಗಳೂ ಅದನ್ನು ಕೊಂಡವು. 2001ರಲ್ಲಿ ಆತ ಬಂಧಿತನಾದನು. ದೀರ್ಘ ಶಿಕ್ಷೆಗೆ ಗುರಿಯಾಗಿ 2017ರಲ್ಲಿ ಬೆಂಗಳೂರಿನಲ್ಲಿ ಮೃತನಾದನು.

ನೀರುಗುರುತು, ವಿಶೇಷ ಶಾಯಿ, ಸೂಕ್ಷ್ಮ ಅಕ್ಷರ ಇವೆಲ್ಲ ಕಳ್ಳನ ದಾರಿಯನ್ನು ದುಬಾರಿ ಮಾಡುತ್ತವೆಯೇ ಹೊರತು ಮುಚ್ಚುವುದಿಲ್ಲ. ಆದುದರಿಂದಲೇ ಅನಂತರ ಬಂದ ಇ-ಸ್ಟ್ಯಾಂಪಿನ ಪದ್ಧತಿಯಲ್ಲಿ ಕಾಗದಕ್ಕಿಂತ ಅದರ ಮೇಲಿನ ಸಂಖ್ಯೆ ಮುಖ್ಯವಾಯಿತು. ಆ ಸಂಖ್ಯೆಯನ್ನು ಕೇಂದ್ರದ ದಾಖಲೆಯೊಡನೆ ತಾಳೆ ನೋಡಿದರೆ ಸತ್ಯ ತಿಳಿಯುತ್ತದೆ.

ಚೌಕದೊಳಗಿನ ಸಹಿ

ಆಧಾರ್ ಕೂಡ ಇದೇ ದಾರಿ ಹಿಡಿದಿದೆ. ದೇಶದ ಮೊದಲ ಆಧಾರ್ ಸಂಖ್ಯೆಗಳನ್ನು 2010ರ ಸೆಪ್ಟೆಂಬರ್ 29ರಂದು ವಿತರಿಸಿದ್ದು ಮಹಾರಾಷ್ಟ್ರದಲ್ಲಿಯೇ, ನಂದುರಬಾರ ಜಿಲ್ಲೆಯ ಟೆಂಭಲಿ ಎಂಬ ಹಳ್ಳಿಯಲ್ಲಿ. ಅದರ ಹನ್ನೆರಡು ಅಂಕಿಗಳಲ್ಲಿ ಕೊನೆಯದು ಕಾವಲು ಅಂಕಿ. ಡಚ್ ಗಣಿತಜ್ಞ ವೆರ್ಹೂಫ್ ರೂಪಿಸಿದ ಲೆಕ್ಕದಿಂದ ಅದು ಹುಟ್ಟುತ್ತದೆ. ಒಂದು ಅಂಕಿ ತಪ್ಪಿದರೂ, ಅಕ್ಕಪಕ್ಕದ ಎರಡು ಅಂಕಿಗಳು ಅದಲುಬದಲಾದರೂ ಲೆಕ್ಕ ಕೂಡುವುದಿಲ್ಲ. ಮನಸ್ಸಿಗೆ ತೋಚಿದ ಹನ್ನೆರಡು ಅಂಕಿಗಳನ್ನು ಬರೆದರೆ ಯಂತ್ರವು ಬಹುತೇಕ ಅಲ್ಲಿಯೇ ತಡೆಯುತ್ತದೆ.

ಇದಕ್ಕಿಂತ ಬಲವಾದುದು ಕ್ಯೂಆರ್ ಚೌಕ. ಹೆಸರು, ಜನ್ಮದಿನ, ವಿಳಾಸ, ಭಾವಚಿತ್ರಗಳೆಲ್ಲ ಅದರಲ್ಲಿ ಅಡಕವಾಗಿದ್ದು, ಪ್ರಾಧಿಕಾರದ ಡಿಜಿಟಲ್ ಸಹಿಯಿಂದ ಮುದ್ರಿತವಾಗಿರುತ್ತವೆ. ಆ ಸಹಿ ಹಾಕುವ ಗುಪ್ತ ಕೀಲಿ ಪ್ರಾಧಿಕಾರದ ಬಳಿ ಮಾತ್ರ ಉಂಟು. ಸಹಿ ಸರಿಯೇ ಎಂದು ಪರೀಕ್ಷಿಸುವ ಕೀಲಿ ಎಲ್ಲರಿಗೂ ಲಭ್ಯ. ಕಾರ್ಡಿನ ಮೇಲೆ ಕಾಣುವ ಹೆಸರನ್ನು ಯಾರಾದರೂ ತಿದ್ದಬಹುದು. ಚೌಕದೊಳಗಿನ ಒಂದು ಅಕ್ಷರ ತಿದ್ದಿದರೂ ಸಹಿ ಕೂಡುವುದಿಲ್ಲ. ಪ್ರಾಧಿಕಾರದ ಆ್ಯಪಿನಿಂದ ಸ್ಕ್ಯಾನ್ ಮಾಡಿದಾಗ ಈ ಮೋಸ ಬಯಲಾಗುತ್ತದೆ. ಕಾರ್ಡನ್ನು ಕಣ್ಣಿನಿಂದ ನೋಡಿ ಒಪ್ಪುವ ರೂಢಿ ಇರುವವರೆಗೆ ಮಾತ್ರ ನಕಲಿ ಕಾರ್ಡಿಗೆ ಬೆಲೆ.

ಮನೆಯವರು ಪಾಲಿಸಬಹುದಾದ ಎಚ್ಚರವೂ ಒಂದುಂಟು. ಪೂರ್ಣ ಸಂಖ್ಯೆ ಬೇಡವಾದ ಕಡೆ ಕೊನೆಯ ನಾಲ್ಕು ಅಂಕಿಗಳಷ್ಟೇ ಕಾಣುವ ‘ಮಾಸ್ಕ್ಡ್ ಆಧಾರ್’ ಪ್ರತಿಯನ್ನು ಕೊಡುವುದು ಲೇಸು. ಝೆರಾಕ್ಸ್ ಪ್ರತಿಯ ಮೇಲೆ ಅದನ್ನು ಯಾವ ಕೆಲಸಕ್ಕೆ, ಎಂದು ಕೊಡಲಾಯಿತೆಂದು ಬರೆದು ಸಹಿ ಮಾಡಿದರೆ ದುರುಪಯೋಗದ ದಾರಿ ಕಿರಿದಾಗುತ್ತದೆ.

ಆಧಾರ್ ಹೇಳದಿರುವ ಮಾತು

ಆದರೆ ಡಿಜಿಟಲ್ ಸಹಿಗೂ ಒಂದು ಮಿತಿಯುಂಟು. ಬರೆದುದನ್ನು ಯಾರೂ ತಿದ್ದಿಲ್ಲವೆಂದು ಅದು ಹೇಳುತ್ತದೆ. ಬರೆದುದು ನಿಜವೆಂದು ಹೇಳುವುದಿಲ್ಲ. ನೋಂದಣಿಯ ದಿನ ಹೇಳಿದ ಜನ್ಮದಿನವೇ ತಪ್ಪಾಗಿದ್ದರೆ ಆ ತಪ್ಪೂ ಅಷ್ಟೇ ಭದ್ರವಾಗಿ ಕುಳಿತುಕೊಳ್ಳುತ್ತದೆ.

2024ರ ಅಕ್ಟೋಬರ್‌ನಲ್ಲಿ ಸರ್ವೋಚ್ಚ ನ್ಯಾಯಾಲಯವು ಅಪಘಾತ ಪರಿಹಾರದ ಒಂದು ಪ್ರಕರಣದಲ್ಲಿ, ವಯಸ್ಸಿನ ನಿರ್ಣಯಕ್ಕೆ ಆಧಾರ್‌ಗಿಂತ ಶಾಲೆ ಬಿಟ್ಟ ಪ್ರಮಾಣಪತ್ರವನ್ನೇ ಮಾನ್ಯ ಮಾಡಿತು. ಆಧಾರ್ ಜನ್ಮದಿನದ ಪುರಾವೆಯಲ್ಲ ಎಂಬ ಪ್ರಾಧಿಕಾರದ ಸುತ್ತೋಲೆಯನ್ನೂ ಅದು ಗಮನಿಸಿತು. ಇದಕ್ಕೂ ಮುಂಚೆ 2018ರಲ್ಲಿ, ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ಹೂಡಿದ್ದ ಪ್ರಕರಣದ ತೀರ್ಪಿನಲ್ಲಿ, ಶಾಲಾ ಪ್ರವೇಶಕ್ಕೆ ಆಧಾರ್ ಕಡ್ಡಾಯವಲ್ಲವೆಂದು ಅದೇ ನ್ಯಾಯಾಲಯ ಹೇಳಿತ್ತು.

ಹಾಗಾದರೆ ಶಾಲೆಯ ನಮೂದೇ ಅಂತಿಮವೆ? ಅದೂ ಅಲ್ಲ. 1988ರ ಬಿರದ್ ಮಲ್ ಸಿಂಘವಿ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯ ಮೂಲಭೂತ ಪ್ರಶ್ನೆಯನ್ನೇ ಎತ್ತಿತು. ರಿಜಿಸ್ಟರಿನಲ್ಲಿ ಈ ಜನ್ಮದಿನ ಬರೆಸಿದವರು ಯಾರು? ಯಾವ ಆಧಾರದ ಮೇಲೆ? ಇದಕ್ಕೆ ಉತ್ತರವಿಲ್ಲದ ನಮೂದಿಗೆ ಸಾಕ್ಷ್ಯಬಲ ಕಡಿಮೆ. ಗುರುಗಳು ಅಂದಾಜಿನಿಂದ ಜೂನ್ 1 ಎಂದು ಬರೆದ ದಿನಾಂಕಕ್ಕೂ, ತಂದೆತಾಯಿ ಜನನ ಪ್ರಮಾಣಪತ್ರ ತೋರಿಸಿ ಬರೆಸಿದ ದಿನಾಂಕಕ್ಕೂ ಇರುವ ಅಂತರ ಇದೇ.

ಗ್ರಾಮಪಂಚಾಯತಿಯ ಪುಸ್ತಕ

ಹೀಗೆ ಹಿಂದೆ ಹಿಂದೆ ಹೋದರೆ ತಲುಪುವುದು ಗ್ರಾಮಪಂಚಾಯತಿಯ ಜನನ ನೋಂದಣಿಗೆ. 1969ರ ಕಾಯದೆಯನ್ನು ತಿದ್ದಿದ ಹೊಸ ಕಾಯದೆ 2023ರ ಅಕ್ಟೋಬರ್ 1ರಂದು ಜಾರಿಗೆ ಬಂದಿದೆ. ಆ ದಿನ ಅಥವಾ ಅನಂತರ ಹುಟ್ಟಿದ ಮಕ್ಕಳಿಗೆ ಶಾಲಾ ಪ್ರವೇಶ, ವಾಹನ ಪರವಾನಗಿ, ಮತದಾರರ ಯಾದಿ, ವಿವಾಹ ನೋಂದಣಿ, ಸರಕಾರಿ ನೌಕರಿ, ಪಾಸ್‌ಪೋರ್ಟ್, ಆಧಾರ್ ಇವೆಲ್ಲಕ್ಕೂ ಜನ್ಮದಿನದ ಹಾಗೂ ಜನ್ಮಸ್ಥಳದ ಪುರಾವೆ ಜನನ ಪ್ರಮಾಣಪತ್ರವೇ. ಈ ಮಕ್ಕಳು ಇನ್ನು ಕೆಲವೇ ವರ್ಷಗಳಲ್ಲಿ ಕನ್ನಡ ಶಾಲೆಗಳ ಒಂದನೆಯ ಇಯತ್ತೆಗೆ ಬರಲಿದ್ದಾರೆ.

ಜನನದ ಮಾಹಿತಿಯನ್ನು 21 ದಿನಗಳೊಳಗೆ ಕೊಡಬೇಕು. ಒಂದು ವರ್ಷ ಮೀರಿದರೆ ಜಿಲ್ಲಾ ದಂಡಾಧಿಕಾರಿ, ಉಪವಿಭಾಗೀಯ ದಂಡಾಧಿಕಾರಿ ಅಥವಾ ಅಧಿಕಾರ ಪಡೆದ ಕಾರ್ಯನಿರ್ವಾಹಕ ದಂಡಾಧಿಕಾರಿಯ ಆದೇಶ ಬೇಕಾಗುತ್ತದೆ. ವಿಳಂಬ ನೋಂದಣಿಯ ಮೂಲಕ ಸುಳ್ಳು ಪ್ರಮಾಣಪತ್ರಗಳು ಹೊರಬಿದ್ದವೆಂಬ ದೂರುಗಳ ಮೇಲೆ ಮಹಾರಾಷ್ಟ್ರ ಸರಕಾರವು 2025ರಲ್ಲಿ ವಿಶೇಷ ತನಿಖಾ ತಂಡವನ್ನು ನೇಮಿಸಿತು. ಕಳ್ಳರಿಗಾಗಿ ಬಿಗಿಗೊಂಡ ಬಾಗಿಲಿನಲ್ಲಿ, ಅಲಕ್ಷ್ಯದಿಂದ ತಡಮಾಡಿದ ಪ್ರಾಮಾಣಿಕರೂ ಕಾಯಬೇಕಾಗುತ್ತದೆ. 21 ದಿನಗಳ ಎಚ್ಚರ ಆ ತೊಂದರೆಯನ್ನು ತಪ್ಪಿಸುತ್ತದೆ.

ಮಹಾರಾಷ್ಟ್ರದಲ್ಲಿ ಇನ್ನೊಂದು ಬದಲಾವಣೆಯೂ ಆಗಿದೆ. 2024ರ ಮೇ 1ರಂದು ಅಥವಾ ಅನಂತರ ಹುಟ್ಟಿದವರ ಹೆಸರನ್ನು ಸರಕಾರಿ ದಾಖಲೆಗಳಲ್ಲಿ ಮಗುವಿನ ಹೆಸರು, ತಾಯಿಯ ಹೆಸರು, ತಂದೆಯ ಹೆಸರು, ಅಡ್ಡಹೆಸರು ಎಂಬ ಕ್ರಮದಲ್ಲಿ ಬರೆಯಬೇಕು. ಅಂದಮೇಲೆ ತಾಯಿಯ ಹೆಸರಿನ ಅಕ್ಷರಗಳೂ ಇಂದು ಅಷ್ಟೇ ಮುಖ್ಯ. ಇಂಡಿ, ಆಳಂದ ಕಡೆಯಿಂದ ಸೊಸೆಯಾಗಿ ಬಂದವರ ತವರಿನ ಕಾಗದದಲ್ಲಿ ಒಂದು ಹೆಸರು, ಗಂಡನ ಮನೆಯ ಕಾಗದದಲ್ಲಿ ಇನ್ನೊಂದು ಹೆಸರು ಇರುವುದು ಈ ಭಾಗದಲ್ಲಿ ಅಪರೂಪವಲ್ಲ.

ಮೂರು ಲಿಪಿ, ಒಂದು ಹೆಸರು

ಕನ್ನಡ ಮಾಧ್ಯಮದ ಮಗುವಿನ ಹೆಸರು ಮೂರು ಲಿಪಿಗಳನ್ನು ದಾಟಬೇಕು. ಕನ್ನಡದ ‘ಕಲ್ಲಪ್ಪ’, ‘ನೀಲಮ್ಮ’ ಮರಾಠಿಗೆ ಹೋದೊಡನೆ ಕೊನೆಯಲ್ಲಿ ದೀರ್ಘ ಪಡೆಯುತ್ತಾರೆ. ನಮ್ಮ ಹ್ರಸ್ವ ಎ, ಒ ಕಾರಗಳಿಗೆ ಮರಾಠಿಯ ರೂಢಿಯ ಬರವಣಿಗೆಯಲ್ಲಿ ಪ್ರತ್ಯೇಕ ಗುರುತಿಲ್ಲ. ಇಂಗ್ಲಿಷಿಗೆ ಹೋದಾಗ ಒತ್ತಕ್ಷರ ಉಳಿದರೆ ಉಳಿಯಿತು, ಹೋದರೆ ಹೋಯಿತು. ಹಳೆಯ ರಿಜಿಸ್ಟರಿನ ಕನ್ನಡ ಅಂಕಿಗಳೂ ತೊಡಕೇ. ಕನ್ನಡ ಬಾರದವರ ಕಣ್ಣಿಗೆ ‘೧’ ಸೊನ್ನೆಯಂತೆಯೇ ಕಾಣುತ್ತದೆ.

ಮೊದಲು ಇಂತಹ ವ್ಯತ್ಯಾಸಗಳನ್ನು ಗುರುಗಳು, ಗ್ರಾಮಸೇವಕರು, ತಲಾಠಿಗಳು ಮನುಷ್ಯರಾಗಿ ಅರ್ಥ ಮಾಡಿಕೊಳ್ಳುತ್ತಿದ್ದರು. ಈಗ ವಿದ್ಯಾರ್ಥಿಗಳ ‘ಅಪಾರ್’ ಸಂಖ್ಯೆ ಮಾಡಿಸುವಾಗ ಶಾಲೆಯ ಹೆಸರನ್ನು ಆಧಾರ್ ಹೆಸರಿನೊಡನೆ ತಾಳೆ ನೋಡುವುದು ಯಂತ್ರ. ಒತ್ತಕ್ಷರ ತಪ್ಪಿದುದಕ್ಕೂ ವ್ಯಕ್ತಿಯೇ ಬೇರೆಯಾದುದಕ್ಕೂ ಇರುವ ಭೇದವನ್ನು ಅದು ಅರಿಯದು.

ತಿದ್ದಿದರೆ ಕೆಟ್ಟಿತು

ಇಲ್ಲಿಯೇ ದೊಡ್ಡ ಅಪಾಯವಿರುವುದು. ಮೊಮ್ಮಗಳ ಅರ್ಜಿಗೆ ಅಡ್ಡಿ ಬಂದಾಗ, ‘ಅಜ್ಜನ ಹೆಸರಿನ ಮೇಲೆ ಒಂದು ಅಕ್ಷರ ತಿದ್ದಿಕೊಡಿರಿ, ಗುರುಗಳೇ’ ಎಂದು ಬೇಡುವವರಿದ್ದಾರೆ. ಕನಿಕರದಿಂದ ತಿದ್ದಿಕೊಡುವವರೂ ಇರಬಹುದು. ಇದಕ್ಕಿಂತ ದೊಡ್ಡ ಹಾನಿ ಬೇರೊಂದಿಲ್ಲ.

1994ರ ಮಾಧುರಿ ಪಾಟೀಲ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು ಜಾತಿ ಪರಿಶೀಲನೆಗೆ ಸಮಿತಿಯನ್ನೂ ದಕ್ಷತಾ ಪಡೆಯನ್ನೂ ವಿಧಿಸಿತು. ಪಡೆಯವರು ಮೂಲ ಊರಿಗೆ ಹೋಗಿ ಶಾಲೆಯ ರಿಜಿಸ್ಟರನ್ನೇ ತೆರೆದು ನೋಡಬೇಕು. ಮಹಾರಾಷ್ಟ್ರದ 2000ನೆಯ ಇಸವಿಯ ಕಾಯದೆಯಂತೆ ಜಾತಿಯನ್ನು ಸಾಬೀತುಪಡಿಸುವ ಹೊಣೆ ಅರ್ಜಿದಾರರದೇ. ಇತರ ಹಿಂದುಳಿದ ವರ್ಗದವರು 1967ರ ಅಕ್ಟೋಬರ್ 13ಕ್ಕೆ ಮುಂಚಿನ ವಾಸ್ತವ್ಯವನ್ನು, ಪರಿಶಿಷ್ಟ ಜಾತಿಯವರು 1950ರ ಆಗಸ್ಟ್ 10ಕ್ಕೆ ಮುಂಚಿನ ವಾಸ್ತವ್ಯವನ್ನು ತೋರಿಸಬೇಕು. ಕಾಗದ ಹಳೆಯದಾದಷ್ಟೂ ಅದಕ್ಕೆ ಬಲ ಹೆಚ್ಚು. ಸ್ವಾತಂತ್ರ್ಯಪೂರ್ವದ ದಾಖಲೆಗಳಿಗೆ ಹೆಚ್ಚಿನ ಸಾಕ್ಷ್ಯಬಲ ಉಂಟೆಂದು ಸರ್ವೋಚ್ಚ ನ್ಯಾಯಾಲಯ 2011ರಲ್ಲಿ ಹೇಳಿದೆ. ಅಂದರೆ ಕನ್ನಡ ಶಾಲೆಯ ಕಪಾಟಿನಲ್ಲಿ ಧೂಳು ಹಿಡಿದಿರುವ ಆ ರಿಜಿಸ್ಟರು ಇಡೀ ಊರಿನ ಆಸ್ತಿ. ಅದರಲ್ಲಿ ಹೊಸ ಶಾಯಿಯ ಒಂದು ಗೆರೆ ಬಿದ್ದರೆ ನಿಜವಾದ ನಮೂದೂ ಸಂಶಯಕ್ಕೆ ಒಳಗಾಗುತ್ತದೆ.

ಕಾನೂನೂ ಇಲ್ಲಿ ಕಠಿಣವಾಗಿದೆ. 2024ರ ಜುಲೈ 1ರಿಂದ ಜಾರಿಯಲ್ಲಿರುವ ಭಾರತೀಯ ನ್ಯಾಯ ಸಂಹಿತೆಯ 337ನೆಯ ಕಲಮು ಮತದಾರರ ಚೀಟಿ, ಆಧಾರ್ ಕಾರ್ಡು, ಜನನದ ರಿಜಿಸ್ಟರು ಇವುಗಳನ್ನು ಹೆಸರಿಸಿಯೇ, ನಕಲಿ ಮಾಡಿದವರಿಗೆ ಏಳು ವರ್ಷಗಳವರೆಗೆ ಸೆರೆವಾಸ ಹಾಗೂ ದಂಡ ವಿಧಿಸುತ್ತದೆ. ನಕಲಿಯೆಂದು ತಿಳಿದೂ ಬಳಸಿದವರಿಗೆ, 340ನೆಯ ಕಲಮಿನಂತೆ, ಮಾಡಿದವರಿಗಿರುವ ಶಿಕ್ಷೆಯೇ. ‘ಏಜೆಂಟನು ಮಾಡಿಸಿಕೊಟ್ಟ’ ಎಂಬ ಮಾತು ಅಲ್ಲಿ ಸುಲಭವಾಗಿ ನಡೆಯದು.

ಸರಿಯಾದ ದಾರಿ

ಹಳೆಯ ನಮೂದನ್ನು ಮುಟ್ಟದೆ, ಅದಕ್ಕೂ ಹೊಸ ಕಾಗದಕ್ಕೂ ನಡುವೆ ಸೇತುವೆ ಕಟ್ಟುವುದೇ ಸರಿಯಾದ ದಾರಿ. ರಿಜಿಸ್ಟರಿನ ಉತಾರವನ್ನು ಇದ್ದ ಹಾಗೆಯೇ ದೃಢೀಕರಿಸಿ ಪಡೆಯಬೇಕು. ಅದರ ಮರಾಠಿ ಅನುವಾದ ಜೋಡಿಸಬೇಕು. ‘ಮಲ್ಲಪ್ಪ ಬಿರಾದಾರ, ಮಲ್ಲಪ್ಪಾ ಬಿರಾಜದಾರ ಇಬ್ಬರೂ ಒಬ್ಬರೇ’ ಎಂಬ ಪ್ರತಿಜ್ಞಾಪತ್ರವನ್ನು ವಂಶಾವಳಿಯೊಡನೆ ಸಲ್ಲಿಸಬೇಕು. ಬೇಕಿದ್ದಲ್ಲಿ ರಾಜ್ಯಪತ್ರದಲ್ಲಿ ಹೆಸರಿನ ಬದಲಾವಣೆಯನ್ನು ಪ್ರಕಟಿಸಬಹುದು. ಅಹವಾಲನ್ನು ಕನ್ನಡದಲ್ಲಿಯೇ ಬರೆದು ಸಲ್ಲಿಸುವ ಹಕ್ಕನ್ನು ಸಂವಿಧಾನದ 350ನೆಯ ವಿಧಿ ಕೊಟ್ಟಿದೆ.

ಇನ್ನು ಶಾಲೆಯಲ್ಲಿರುವ ಮಕ್ಕಳ ವಿಷಯ. ಮಹಾರಾಷ್ಟ್ರದ ಮಾಧ್ಯಮಿಕ ಶಾಲಾ ಸಂಹಿತೆಯ 26.4ನೆಯ ನಿಯಮದಂತೆ, ವಿದ್ಯಾರ್ಥಿ ಶಾಲೆ ಬಿಟ್ಟ ಮೇಲೆ ಜನರಲ್ ರಿಜಿಸ್ಟರಿನ ತಿದ್ದುಪಡಿ ಬಹು ಕಠಿಣ. ಶಾಲೆಯಲ್ಲಿರುವಾಗಲೇ ಜನನ ಪ್ರಮಾಣಪತ್ರದ ಆಧಾರದ ಮೇಲೆ ಮುಖ್ಯಾಧ್ಯಾಪಕರ ಮೂಲಕ ಅರ್ಜಿ ಸಲ್ಲಿಸಬೇಕು. ಆಧಾರ್‌ನಲ್ಲಿ 5 ಮತ್ತು 15ನೆಯ ವಯಸ್ಸಿಗೆ ಬೆರಳಚ್ಚು ಹಾಗೂ ಕಣ್ಣಿನ ಪಾಪೆಯ ನವೀಕರಣ ಕಡ್ಡಾಯ. ಆ ದಿನವೇ ಹೆಸರಿನ ಅಕ್ಷರಗಳನ್ನೂ ನೋಡಿಕೊಂಡರೆ ಎರಡನೆಯ ಓಡಾಟ ತಪ್ಪುತ್ತದೆ.

ಎಲ್ಲಕ್ಕಿಂತ ಮೊದಲು, ಮಗು ಹುಟ್ಟಿದ ವಾರದಲ್ಲಿಯೇ ಮನೆಯವರು ಕುಳಿತು ಮಗುವಿನ, ತಾಯಿಯ, ತಂದೆಯ ಹೆಸರುಗಳನ್ನು ಕನ್ನಡ, ಮರಾಠಿ, ಇಂಗ್ಲಿಷ್ ಮೂರರಲ್ಲಿಯೂ ಒಂದು ಹಾಳೆಯ ಮೇಲೆ ಬರೆದಿಟ್ಟುಕೊಳ್ಳಬೇಕು. ಗ್ರಾಮಪಂಚಾಯತಿಗೆ ಹೋಗುವಾಗ, ಆಧಾರ್ ಕೇಂದ್ರಕ್ಕೆ ಹೋಗುವಾಗ, ಶಾಲೆಗೆ ಹೆಸರು ಹಚ್ಚುವಾಗ ಆ ಒಂದೇ ಹಾಳೆ ಜೊತೆಯಲ್ಲಿರಬೇಕು. ಕೌಂಟರಿನಲ್ಲಿ ಕುಳಿತವರು ಬರೆದುದನ್ನು ಅಲ್ಲಿಯೇ ಓದಿ, ತಪ್ಪಿದ್ದರೆ ಅಲ್ಲಿಯೇ ಹೇಳಬೇಕು. ಮೊಮ್ಮಗಳು ಹದಿನೆಂಟು ವರ್ಷಗಳ ಬಳಿಕ ಸಮಿತಿಯ ಮುಂದೆ ನಿಂತಾಗ ಅವಳ ಪರವಾಗಿ ಮಾತನಾಡುವುದು ಈ ಐದು ನಿಮಿಷದ ಕೆಲಸವೇ.